ಜೇಬಿನ ಎತ್ತರದ ಅಳತೆ

ಅವರ ಮುಖಕ್ಕಿಂತ ಅವರ ಅಂಗಿಯ ಜೇಬು ನನಗೆ ಚೆನ್ನಾಗಿ ನೆನಪಿದೆ. ಅವರು ಆರಡಿ ಎತ್ತರದವರು. ನಾನು ಐದಡಿಗೆ ಒಂದಿಂಚು ಕಡಿಮೆ. ತಪಾಸಣೆ ಕೋಣೆಯಲ್ಲಿ ಎದುರುಬದುರು ನಿಂತಾಗ ನನ್ನ ಕಣ್ಣಿಗೆ ನೇರವಾಗಿ ಬರುತ್ತಿದ್ದುದು ಅವರ ಎಡಜೇಬಿನ ಮೇಲಂಚು. ತಲೆಯೆತ್ತಿ ಮಾತಾಡುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ. ಹಾಗಾಗಿ ಮೂರು ವರ್ಷ ನಾನು ಆ ಜೇಬಿನೊಂದಿಗೇ ಮಾತಾಡಿದೆ ಎಂದರೆ ತಪ್ಪಿಲ್ಲ. ಅದರಲ್ಲಿ ಆರಿಂಚಿನ ಉಕ್ಕಿನ ಸ್ಕೇಲು, ಒಂದು ಪೆನ್ಸಿಲು, ಒಂದು ಬಾಲ್‌ಪೆನ್ನು ಇರುತ್ತಿದ್ದವು. ಸ್ಕೇಲು ಯಾವಾಗಲೂ ಒಳಬದಿಗೆ, ಎದೆಗೆ ತಾಗಿಕೊಂಡು.

ಕಳೆದ ತಿಂಗಳು ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಟೈಪು ಮಾಡಿದ ಒಂದು ಚೀಟಿ ಕಂಡಿತು. ಒಂದೂವರೆ ವರ್ಷದ ಹಿಂದೆ ನಿವೃತ್ತರಾದ ಅವರು ತೀರಿಕೊಂಡಿದ್ದರು. ಎರಡನೇ ಪಾಳಿಗೆ ಮೊದಲು ಒಂದು ನಿಮಿಷ ಮೌನ ಎಂದು ಬರೆದಿತ್ತು. ಚೀಟಿಗೆ ಒಂದೇ ಪಿನ್ನು ಚುಚ್ಚಿದ್ದರು, ಅದು ಓರೆಯಾಗಿ ತೂಗುತ್ತಿತ್ತು. ನಾನು ಇನ್ನೊಂದು ಪಿನ್ನು ಹುಡುಕಿ ಅದನ್ನು ನೆಟ್ಟಗೆ ಮಾಡಿದೆ. ಆ ಹೊತ್ತಿಗೆ ನನಗೆ ಮಾಡಲು ತೋಚಿದ್ದು ಅಷ್ಟೇ. ಮೌನದ ಆ ನಿಮಿಷದಲ್ಲಿ ಪಕ್ಕದ ಶೆಡ್ಡಿನ ಲೇತು ತಿರುಗುತ್ತಲೇ ಇತ್ತು, ಅದು ಬೇರೆ ಕಂಪನಿಯದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಾದರೂ ತಮ್ಮ ಹೆಸರು ಕಂಡರೆ ಅವರು ಮುಜುಗರ ಪಡುತ್ತಿದ್ದರು.

ಪೀಣ್ಯದ ಆ ಕಾರ್ಖಾನೆಗೆ ನಾನು ಭೌತಶಾಸ್ತ್ರದ ಪದವಿ ಮುಗಿಸಿ ಸೇರಿದವಳು. ಪಂಪುಗಳ ಬಿಡಿಭಾಗ ಮಾಡುವ ಜಾಗ. ತಯಾರಾದ ಪ್ರತಿಯೊಂದು ತುಂಡೂ ನಮ್ಮ ಕೋಣೆಗೆ ಬರಬೇಕು. ನಕ್ಷೆಯಲ್ಲಿರುವ ಅಳತೆಗೆ ಸರಿಯಾಗಿದೆಯೇ ಎಂದು ನಾವು ನೋಡಬೇಕು. ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ. ಇಲ್ಲದಿದ್ದರೆ ಕೆಂಪು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯಬೇಕಾದ್ದರಿಂದ ಕೋಣೆಯನ್ನು ತಣ್ಣಗೆ ಇಟ್ಟಿರುತ್ತಿದ್ದರು, ಕಿಟಕಿಯಿರಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ, ಹಿರಿಯ ಇನ್‌ಸ್ಪೆಕ್ಟರಾದ ಅವರು ಮತ್ತು ನಾನು. ಮೊದಲ ಎರಡು ತಿಂಗಳು ಅವರು ನನ್ನೊಡನೆ ಆಡಿದ ಮಾತನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಬಿಡಬಹುದಿತ್ತು. ನನಗೆ ಅದರಿಂದ ಬೇಸರವಾಗಲಿಲ್ಲ. ಆಗ ನಾನು ಯಶವಂತಪುರದಲ್ಲಿ ಒಂದು ಮನೆಯ ಹಿಂಬದಿಯ ಕೋಣೆಯಲ್ಲಿ ಒಬ್ಬಳೇ ಇದ್ದೆ. ಅದಕ್ಕೆ ಕಾರಣಗಳಿದ್ದವು, ಅವು ಈ ಬರಹಕ್ಕೆ ಬೇಡ. ಅವರು ಒಮ್ಮೆಯೂ ಕೇಳಲಿಲ್ಲ.

ಮರಗಳ ವಿಷಯ ತಿಳಿದದ್ದು ಹೀಗೆ. ತುಮಕೂರು ರಸ್ತೆಯ ಬಸ್ಸಿನಿಂದಿಳಿದು ಕಾರ್ಖಾನೆಗೆ ಮುಕ್ಕಾಲು ಮೈಲಿ ಮಣ್ಣಿನ ದಾರಿ. ಮೊದಲು ಅಲ್ಲೆಲ್ಲ ಹೊಲಗಳಿದ್ದವಂತೆ. ಹೊಲ ಹೋಗಿ ಶೆಡ್ಡುಗಳು ಬಂದಿದ್ದವು. ಬದುವಿನ ಮೇಲಿದ್ದ ಮರಗಳು ಮಾತ್ರ ಹಾಗೇ ಉಳಿದು ರಸ್ತೆಬದಿಯ ಮರಗಳಾಗಿದ್ದವು. ಹೊಂಗೆ, ಬೇವು, ಎರಡು ಹುಣಸೆ, ಕೊನೆಯಲ್ಲಿ ಒಂದು ದೊಡ್ಡ ಹಿಪ್ಪೆ. ಒಟ್ಟು ಇಪ್ಪತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಅಂಚೆ ಹಾಕಲು ಹೊರಟಿದ್ದೆ. ದಾರಿಯಲ್ಲಿ ನೋಡಿದರೆ ನಮ್ಮ ಹಿರಿಯ ಇನ್‌ಸ್ಪೆಕ್ಟರು ಒಂದು ಬೇವಿನ ಮರಕ್ಕೆ ಬೆನ್ನು ಹಾಕಿ, ಸೊಂಟ ಬಗ್ಗಿಸಿ, ಎರಡು ಕಾಲಿನ ನಡುವೆ ತಲೆ ಹಾಕಿ ಹಿಂದಕ್ಕೆ ನೋಡುತ್ತಿದ್ದಾರೆ. ಟೈ ಕಟ್ಟುತ್ತಿದ್ದವರು ಅವರು. ಟೈ ಮೂಗಿನ ಮೇಲೆ ಬಿದ್ದಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಫಿಟ್ಟರುಗಳು ನಿಲ್ಲಿಸಿದರು.

“ಏನ್ ಸಾರ್ ಕಳ್ಕೊಂಡ್ರಿ?”

“ಏನೂ ಇಲ್ಲಪ್ಪ. ತುದಿ ಕಾಣ್ತಾ ಇದ್ಯಾ ಅಂತ ನೋಡ್ತಿದ್ದೆ.”

“ನೆಟ್ಟಗೆ ನಿಂತ್ಕೊಂಡ್ ನೋಡಿದ್ರೂ ಕಾಣುತ್ತೆ ಸಾರ್!”

ಅವರು ನಗುತ್ತ ಹೋದರು. ಇವರು ನೆಟ್ಟಗಾಗಿ, ಟೈ ಸರಿಮಾಡಿಕೊಂಡು, ನನ್ನನ್ನು ನೋಡಿದರು. ತಪ್ಪಿಸಿಕೊಳ್ಳಲು ಇಬ್ಬರಿಗೂ ದಾರಿಯಿರಲಿಲ್ಲ.

“ಹೀಗೆ ಬಗ್ಗಿ ನೋಡಿದಾಗ ಮರದ ತುದಿ ಸರಿಯಾಗಿ ಕಾಣೋ ಜಾಗಕ್ಕೆ ಬಂದ್ರೆ, ಅಲ್ಲಿಂದ ಬುಡಕ್ಕೆ ಎಷ್ಟು ದೂರಾನೋ ಹೆಚ್ಚುಕಡಿಮೆ ಅಷ್ಟೇ ಮರದ ಎತ್ತರ,” ಎಂದರು. ಆಮೇಲೆ, “ನೀವು ಮಾಡ್ಬೇಡಿ. ನಿಮಗೆ ಬೇರೆ ದಾರಿ ಇದೆ,” ಎಂದು ಸೇರಿಸಿದರು.

ಮಾರನೆಯ ದಿನ ನನ್ನ ಮೇಜಿನ ಮೇಲೆ ತೊಗಟೆ ಹೆರೆದ ಒಂದು ಜಾಲಿಯ ಕೋಲು ಇತ್ತು. ಅವರು ನನ್ನನ್ನು ನೇರಕ್ಕೆ ನಿಲ್ಲಿಸಿ, ಕೈ ಮುಂದಕ್ಕೆ ಚಾಚಲು ಹೇಳಿ, ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ಉದ್ದವೋ ಅಷ್ಟು ಬಿಟ್ಟು ಮಿಕ್ಕಿದ್ದನ್ನು ಹ್ಯಾಕ್ಸಾದಿಂದ ಕತ್ತರಿಸಿದರು. ಆ ಕೋಲನ್ನು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದು, ಕೋಲಿನ ಬುಡ ಮರದ ಬುಡಕ್ಕೆ, ಕೋಲಿನ ತುದಿ ಮರದ ತುದಿಗೆ ಕೂಡುವವರೆಗೆ ಹಿಂದೆ ಹಿಂದೆ ನಡೆಯಬೇಕು. ಕೂಡಿದಲ್ಲಿ ನಿಲ್ಲಬೇಕು. ಅಲ್ಲಿಂದ ಮರಕ್ಕೆ ಹೆಜ್ಜೆ ಹಾಕಿ ಅಳೆದರೆ ಎತ್ತರ ಸಿಕ್ಕಿತು. ಅವರ ಕೋಲು ನನ್ನದಕ್ಕಿಂತ ಗೇಣುದ್ದ ಹೆಚ್ಚು. ನಾನು ಕೇಳಿದೆ, ಬೇರೆ ಬೇರೆ ಕೋಲಿನಿಂದ ಒಂದೇ ಉತ್ತರ ಹೇಗೆ ಬರುತ್ತದೆ ಎಂದು. ಸಮರೂಪ ತ್ರಿಭುಜಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ಕೇಳಬಾರದ ಪ್ರಶ್ನೆ.

“ನನ್ನ ಕೋಲು ನಿಮಗಾಗಲ್ಲ, ನಿಮ್ಮದು ನನಗಾಗಲ್ಲ. ಅವರವರ ಕೈಗೆ ಸರಿ ಇದ್ರೆ ಸಾಕು. ಮರ ಇಬ್ಬರಿಗೂ ಒಂದೇ ಉತ್ತರ ಕೊಡುತ್ತೆ.”

ಆ ಕೋಲು ಈಗಲೂ ನನ್ನ ಕೋಣೆಯ ಬಾಗಿಲ ಹಿಂದಿದೆ.

ಊಟದ ಬಿಡುವುಗಳಲ್ಲಿ ಹೀಗೆ ಸ್ವಲ್ಪ ಸ್ವಲ್ಪವಾಗಿ ಅವರು ನನಗೆ ಆ ಇಪ್ಪತ್ತು ಮರಗಳನ್ನು ಪರಿಚಯಿಸಿದರು. ತೊಗಟೆಯ ಮೇಲೆ ಕಾಗದವಿಟ್ಟು ಪೆನ್ಸಿಲನ್ನು ಅಡ್ಡಹಿಡಿದು ಉಜ್ಜುವುದು. ಅದಕ್ಕೆ ಹಳೆಯ ತಪಾಸಣೆ ವರದಿಗಳ ಹಿಂಬದಿ. ನಡುಮಧ್ಯಾಹ್ನ ನೆರಳಿನ ಅಂಚಿಗೆ ಎಂಟು ದಿಕ್ಕಿನಲ್ಲಿ ಎಂಟು ಕಲ್ಲಿಟ್ಟು, ಕೊಂಬೆಗಳು ಎಷ್ಟು ದೂರ ಹರಡಿವೆ ಎಂದು ಹೆಜ್ಜೆಯಲ್ಲಿ ಅಳೆಯುವುದು. ಒಂದು ದಿನ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ರಸ್ತೆಬದಿಯಲ್ಲಿ, ಪಾಳಿಯ ಜನ ಓಡಾಡುವ ಹೊತ್ತಿನಲ್ಲಿ, ಒಬ್ಬ ಗಂಡಸಿನ ಮುಂದೆ ಕಣ್ಣು ಮುಚ್ಚಿ ನಿಲ್ಲುವುದು ನನ್ನಂಥವಳಿಗೆ ಸುಲಭವಿರಲಿಲ್ಲ. ಆದರೂ ಮುಚ್ಚಿದೆ. ಅವರು ಕೈ ಹಿಡಿಯಲಿಲ್ಲ. ಕೋಲಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಡೆಸಿದರು. ಮರದ ಬಳಿ ನಿಲ್ಲಿಸಿ, “ಮುಟ್ಟಿ ನೋಡಿ. ಹೆಸರು ಆಮೇಲೆ. ಮೊದಲು ಬಿಸಿಯಾಗಿದ್ಯಾ, ತಣ್ಣಗಿದ್ಯಾ ಹೇಳಿ,” ಎಂದರು. ಬೇವು ಒರಟು, ಬಿಸಿ. ಹೊಂಗೆ ನಯ, ತಣ್ಣಗೆ. ಹುಣಸೆಯ ತೊಗಟೆ ಬೆರಳಿಗೆ ಸಣ್ಣ ಸಣ್ಣ ಚೌಕಗಳಾಗಿ ಸಿಗುತ್ತಿತ್ತು. ಆ ಮಧ್ಯಾಹ್ನ ಕೋಣೆಗೆ ಮರಳಿ ಮೈಕ್ರೋಮೀಟರು ಹಿಡಿದಾಗ ನನ್ನ ಬೆರಳುಗಳಿಗೆ ಬೇವಿನ ವಾಸನೆಯಿತ್ತು.

ಒಮ್ಮೆ ಕೇಳಿದೆ, ಈ ಹಿಪ್ಪೆಗೆ ಎಷ್ಟು ವಯಸ್ಸು ಸಾರ್ ಎಂದು.

“ಒಳಗಿನ ಉಂಗುರ ಎಣಿಸ್ಬೇಕು ಅಂದ್ರೆ ಮರ ಕಡೀಬೇಕು. ನಮ್ಮ ಕಡೆ ಮರಗಳಲ್ಲಿ ಕಡಿದ್ರೂ ಉಂಗುರ ಸರಿಯಾಗಿ ಕಾಣೋದಿಲ್ಲ. ವಯಸ್ಸು ಕಟ್ಕೊಂಡು ಏನ್ಮಾಡ್ತೀರಿ? ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಜಾಸ್ತಿ ಅಂತ ಕೇಳಿ.”

ಅದನ್ನು ತಿಳಿಯಲು ವರ್ಷಕ್ಕೊಂದು ದಿನವಿತ್ತು. ಮಳೆಗಾಲ ಮುಗಿದು, ದೀಪಾವಳಿ ಕಳೆದ ಮೊದಲ ಭಾನುವಾರ. ಅಂದು ಅವರು ಜಾಲಹಳ್ಳಿಯ ತಮ್ಮ ಬಾಡಿಗೆ ಕೋಣೆಯಿಂದ ಡಬ್ಬಿಯಲ್ಲಿ ಮೊಸರನ್ನ ಕಟ್ಟಿಕೊಂಡು, ಕಾರ್ಖಾನೆಯ ಸ್ಟೋರಿನಿಂದ ಸಹಿ ಹಾಕಿ ತಂದ ಸ್ಟೀಲ್ ಟೇಪು ಹಿಡಿದು, ಇಪ್ಪತ್ತೂ ಮರಗಳ ಸುತ್ತಳತೆ ತೆಗೆಯುತ್ತಿದ್ದರು. ಬಟ್ಟೆಯ ಟೇಪು ಮುಟ್ಟುತ್ತಿರಲಿಲ್ಲ: “ಅದು ಮರಕ್ಕಿಂತ ಬೇಗ ಬೆಳೆಯುತ್ತೆ.” ಅಂಕಿಗಳನ್ನು ಮಾಲಿಗೆ ಕಟ್ಟುವ ರಟ್ಟಿನ ಚೀಟಿಗಳಲ್ಲಿ ಬರೆದು ತಂತಿಗೆ ಪೋಣಿಸಿಡುತ್ತಿದ್ದರು. ನಾನು ಬರುವ ಮೊದಲು ಟೇಪಿನ ಒಂದು ತುದಿಯನ್ನು ತೊಗಟೆಗೆ ಮುಳ್ಳು ಚುಚ್ಚಿ ನಿಲ್ಲಿಸುತ್ತಿದ್ದರಂತೆ. ನಾನು ಬಂದ ಮೇಲೆ ಆ ಕೆಲಸ ನನ್ನದಾಯಿತು.

“ಸೊನ್ನೆ ಹಿಡ್ಕೊಳ್ಳಿ,” ಎನ್ನುತ್ತಿದ್ದರು. ಟೇಪಿನ ಸೊನ್ನೆಯನ್ನು ನಾನು ಹೆಬ್ಬೆರಳಿನಿಂದ ತೊಗಟೆಗೆ ಒತ್ತಿ ನಿಲ್ಲುವುದು, ಅವರು ಟೇಪು ಬಿಚ್ಚುತ್ತ ಮರವನ್ನು ಸುತ್ತಿ ಬರುವುದು.

ಎಲ್ಲಿ ಒತ್ತಬೇಕು ಎಂಬುದಕ್ಕೆ ಅವರ ನಿಯಮ ಒಂದೇ. ಮರಕ್ಕೆ ಎದುರಾಗಿ, ತಾಗಿದಂತೆ ನಿಲ್ಲುವರು. ಜೇಬಿನ ಮೇಲಂಚು ತೊಗಟೆಗೆ ಎಲ್ಲಿ ಬರುವುದೋ ಅಲ್ಲಿ. ಪುಸ್ತಕಗಳಲ್ಲಿ ಇದಕ್ಕೆ ನಾಲ್ಕೂವರೆ ಅಡಿ ಎಂದಿರುತ್ತದೆ ಎಂದು ನಾನು ಹೇಳಿದ್ದೆ. “ಪುಸ್ತಕ ಎಲ್ಲಾದ್ರೂ ಮರೆತು ಬರ್ತೀವಿ. ಜೇಬು ಮರೆಯಲ್ಲ,” ಎಂದಿದ್ದರು.

ಹಿಪ್ಪೆಯಂಥ ದಪ್ಪ ಮರದಲ್ಲಿ ಅವರು ಆಚೆ ಬದಿಗೆ ಹೋದಾಗ ನನಗೆ ಕಾಣುತ್ತಿರಲಿಲ್ಲ. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಏನಾದರೂ ಇದ್ದರೆ ಅದು ಹಾಗೆ, ನಡುವೆ ಮರವಿದ್ದಾಗ. ಎರಡನೇ ವರ್ಷದ ಭಾನುವಾರ ಹಿಪ್ಪೆಯ ಆಚೆಯಿಂದ ಅವರ ದನಿ ಬಂತು:

“ನಮ್ಮನೆಯವಳಿಗೆ ಕೊನೇ ಸಲ ಜ್ವರ ಬಂದಾಗ ಗಂಟೆಗೊಂದ್ಸಲ ನೋಡಿ ಬರೆದಿಟ್ಟಿದ್ದೆ. ಹದಿನಾರು ದಿನ. ಡಾಕ್ಟರು ಹಾಳೆ ನೋಡಿ ಹೇಳಿದ್ರು, ಇಷ್ಟು ಚೆನ್ನಾಗಿ ನರ್ಸುಗಳೂ ಬರೆಯಲ್ಲ ಅಂತ.”

ಟೇಪು ನಿಂತಿತ್ತು. ನಾನು ಏನಾದರೂ ಹೇಳಬೇಕಿತ್ತು. ಬೇರೆ ಯಾರಾಗಿದ್ದರೂ ಹೇಳುತ್ತಿದ್ದರು.

“ಸೊನ್ನೆ ಸರಿಯಾಗಿದೆ ಸಾರ್,” ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಟೇಪು ಮತ್ತೆ ಚಲಿಸಿತು. ಅವರು ಈಚೆಗೆ ಬಂದು, ಬಗ್ಗಿ ಅಂಕಿ ಓದಿ, ರಟ್ಟಿನ ಮೇಲೆ ಬರೆದರು. ಬರೆದ ಮೇಲೆ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. “ಕಾರ್ಖಾನೆ ಒಳಗೆ ಅಳತೆ ಹೆಚ್ಚಾದ್ರೆ ಕೆಂಪು ಬಳೀಬೇಕು. ಇಲ್ಲಿ ನೋಡಿ, ಹೆಚ್ಚಾದಷ್ಟೂ ಖುಷಿ,” ಎಂದರು.

ಇನ್ನು ನನ್ನ ತಪ್ಪಿನ ವಿಷಯ.

ಮೂರನೇ ವರ್ಷದ ಭಾನುವಾರ ಅವರು ಒಂದು ಹೊಂಗೆಯೆದುರು ನಿಂತಾಗ ಕಾಲಡಿಯ ಮಣ್ಣು ಕುಸಿದಿರುವುದನ್ನು ನಾನು ಗಮನಿಸಿದೆ. ಮಳೆಯಲ್ಲಿ ಎರಡು ಬೆರಳಿನಷ್ಟು ನೆಲ ಕೊಚ್ಚಿ ಹೋಗಿತ್ತು. ಹಾಗಾದರೆ ಜೇಬು ಎರಡು ಬೆರಳು ಕೆಳಗೆ ಬಂದಿರಬೇಕು. ಹೋದ ವರ್ಷ ಅಳೆದ ಜಾಗ ಬೇರೆ, ಈ ವರ್ಷದ್ದು ಬೇರೆ. ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ: ಒಂದೇ ಜಾಗದಲ್ಲಿ ಅಳೆಯದಿದ್ದರೆ ಅಳತೆಗೆ ಅರ್ಥವಿಲ್ಲ. ಪ್ರತಿ ಮರಕ್ಕೂ ಗುರುತು ಹಾಕಬೇಕು. ಸುತ್ತಲೂ ಒಂದು ಗೆರೆ, ಅದರ ಮೇಲೆ ಸಂಖ್ಯೆ. ನಮ್ಮ ಕೋಣೆಯಲ್ಲಿ ಬಣ್ಣವಿದೆಯಲ್ಲ.

ಅವರು ಒಪ್ಪಿದರು. ಮುಂದಿನ ವಾರ ಎರಡೂ ಬಣ್ಣದ ಡಬ್ಬಿ ತಂದರು. ಹಸಿರು ಡಬ್ಬಿಯ ಮುಚ್ಚಳ ತೆಗೆದವರನ್ನು ನಾನೇ ತಡೆದೆ.

“ಹಸಿರು ತೊಗಟೆ ಮೇಲೆ ಕಾಣಲ್ಲ ಸಾರ್. ಒಂದು ವರ್ಷದಲ್ಲಿ ಪಾಚಿ ಹಿಡಿದ್ರೆ ಗೊತ್ತೇ ಆಗಲ್ಲ.”

“ಕೆಂಪಾ?” ಎಂದರು. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಕ್ಷಣ ನಿಂತರು. ನಲವತ್ತು ವರ್ಷ ಆ ಬಣ್ಣವನ್ನು ಅವರು ಬೇಡವಾದದ್ದಕ್ಕೆ ಮಾತ್ರ ಹಚ್ಚಿದ್ದರು. “ಸರಿ, ಕಾಣೋದು ಮುಖ್ಯ,” ಎಂದರು.

ನಾನು ಸಂಖ್ಯೆ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ. ಒಂದರಿಂದ ಹತ್ತೊಂಬತ್ತು.

ಇಪ್ಪತ್ತನೆಯದು ಹಿಪ್ಪೆ. ಅದರ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಒಬ್ಬ ಅಜ್ಜಿ ಪಾಳಿಯ ಜನಕ್ಕೆ ಹುರಿದ ಕಡಲೆಕಾಯಿ ಮಾರುತ್ತಿದ್ದರು. ಭಾನುವಾರವೂ ಇರುತ್ತಿದ್ದರು, ಹಿಂದಿನ ಹಳ್ಳಿಯಲ್ಲೇ ಮನೆ. ನಾನು ಕುಂಚ ಎತ್ತಿದ್ದೇ ತಡ, ಎದ್ದು ಅಡ್ಡ ನಿಂತರು.

“ಏ, ಏನವ್ವ ಅದು? ಈ ಮರುಕ್ಕೆ ನಂಬ್ರು ಗಿಂಬ್ರು ಬ್ಯಾಡ.”

“ಅಳತೆಗೆ ಅಜ್ಜಿ. ಮರಕ್ಕೆ ಏನೂ ಆಗಲ್ಲ.”

“ಅಂಗೇ ಅಂದಿದ್ರು. ನಮ್ ಒಲುಕ್ಕೂ ಕಲ್ ನೆಟ್ಟು ನಂಬ್ರು ಬರುದ್ರು. ಬರೀ ಅಳ್ತೆಗೆ ಕಣಜ್ಜಿ ಅಂದ್ರು. ಈಗ ಎಲ್ಲೈತೆ ಒಲ? ಅಗೋ, ನಿಮ್ ಕಾರ್ಖಾನೆ ಕಕ್ಕಸು ಕಟ್ಟವ್ರಲ್ಲ, ಅಲ್ಲೈತೆ.” ಅವರತ್ತ ತಿರುಗಿ, “ಉದ್ದನ್ ಸಾರು, ನೀವಾದ್ರೂ ಯೋಳಿ ಈ ಮಗೀಗೆ,” ಎಂದರು.

ಅವರು ನಕ್ಕು, “ಬಿಡಿ, ಅಜ್ಜಿ ಮರ ಅಜ್ಜಿಗೇ ಇರಲಿ,” ಎಂದರು. ನಾನು ಕುಂಚ ತೊಳೆದೆ. ಒಂದು ಮರದ ಅಳತೆ ಅಷ್ಟು ನಿಖರವಾಗಿರುವುದಿಲ್ಲವಲ್ಲ ಎಂದು ನನಗೆ ಸ್ವಲ್ಪ ಅಸಮಾಧಾನವಾಯಿತು.

ಶಿವರಾತ್ರಿ ಕಳೆದ ವಾರದ ಒಂದು ಸೋಮವಾರ ಬಸ್ಸಿನಿಂದಿಳಿದಾಗ ದಾರಿ ಎಂದಿಗಿಂತ ಬೆಳಕಾಗಿ ಕಂಡಿತು. ಏಕೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಂದರಿಂದ ಹತ್ತೊಂಬತ್ತರವರೆಗೆ ಎಲ್ಲ ಮರಗಳೂ ಕೆಳಗಿದ್ದವು. ಕೊಂಬೆ ಸವರಿ, ದಿಮ್ಮಿಗಳನ್ನು ಒಟ್ಟಿದ್ದರು. ದಿಮ್ಮಿಗಳ ಮೇಲೆ ನನ್ನ ಕೈಬರಹವಿತ್ತು.

ಕಡಿಸುತ್ತಿದ್ದ ಮೇಸ್ತ್ರಿಯನ್ನು ನಾನೇ ಹೋಗಿ ಕೇಳಿದೆ. ಅಪರಿಚಿತರನ್ನು ನಾನಾಗಿ ಮಾತಾಡಿಸಿದ್ದು ಕಡಿಮೆ.

“ರೋಡ್ ಅಗಲ ಮಾಡ್ತಾರೆ ಮೇಡಂ. ಗುರ್ತು ಹಾಕ್ಸಿರ್ತೀವಿ, ನಂಬರ್ ಇರೋ ಮರ ಕಡೀರಿ ಅಂದ್ರು. ಬಂದ್ ನೋಡಿದ್ವಿ, ಕೆಂಪಗೆ ನಂಬರ್ ಇತ್ತು. ಕಡ್ದ್ವಿ. ನಾವೇನ್ ಮನ್ಸಿಗೆ ಬಂದಂಗೆ ಕಡ್ದ್ವಾ?”

ಗುರುತು ಹಾಕಬೇಕಾಗಿದ್ದವನು ಎರಡು ದಿನ ತಡವಾಗಿ, ಬುಧವಾರ ಬಂದ. ರಸ್ತೆ ಅಗಲವಾಗಬೇಕಿದ್ದುದು ಆಚೆ ಬದಿಗೆ. ಅಲ್ಲಿದ್ದುದು ನಾಲ್ಕು ಜಾಲಿ.

ಆ ಸೋಮವಾರ ಅವರು ಮೊದಲ ಬಾರಿಗೆ ತಡವಾಗಿ ಬಂದರು, ಇಪ್ಪತ್ತು ನಿಮಿಷ. ನಾನು ಅಷ್ಟರಲ್ಲಿ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಬಣ್ಣ ಹಚ್ಚೋಣ ಅಂದಿದ್ದು ನಾನು ಸಾರ್, ತಪ್ಪು ನನ್ನದು. ಅಷ್ಟೇ. ಅವರು ನನ್ನೆದುರು ಬಂದು ನಿಂತರು. ಜೇಬಿನಲ್ಲಿ ಸ್ಕೇಲು, ಪೆನ್ಸಿಲು, ಪೆನ್ನು. ನಾನು ಬಾಯಿ ತೆರೆಯುವ ಮೊದಲೇ ಮಾಲಿನ ಟ್ರೇ ತಳ್ಳಿಕೊಂಡು ಬಂದ ಒಬ್ಬ ಟರ್ನರು ಬಾಗಿಲಿನಿಂದ ಹೇಳಿದ:

“ಏನ್ ಸಾರ್, ಹತ್ತೊಂಬತ್ ಪೀಸ್ ಒಟ್ಟಿಗೇ ರಿಜೆಕ್ಟ್ ಮಾಡ್ಬಿಟ್ರಂತೆ?”

ತಮಾಷೆಗೆ ಅಂದದ್ದು. ಅಂದ ಮೇಲೆ ಅವರ ಮುಖ ನೋಡಿ, “ಸುಮ್ನೆ ಅಂದೆ ಸಾರ್, ಬೇಜಾರ್ ಮಾಡ್ಕೋಬೇಡಿ,” ಎಂದು ಟ್ರೇ ಬಿಟ್ಟು ಹೊರಟುಹೋದ. ಅವರು ನನಗೆ, “ಇವತ್ತು ಮಾಲು ಎಷ್ಟು ಬಂದಿದೆ?” ಎಂದು ಕೇಳಿದರು. ನಾನು ಹೇಳಿದೆ. ಕೆಲಸ ಶುರುವಾಯಿತು. ನನ್ನ ವಾಕ್ಯ ಹಾಗೇ ಉಳಿಯಿತು.

ಸಂಜೆ ನಾನೊಬ್ಬಳೇ ಹೋಗಿ ಏಳನೇ ಸಂಖ್ಯೆಯ ಬೇವಿನ ಬುಡದಲ್ಲಿ ಕೂತು ಉಂಗುರಗಳನ್ನು ಎಣಿಸಲು ನೋಡಿದೆ. ಹತ್ತಕ್ಕೊಂದು ಪಿನ್ನು ಮರಕ್ಕೆ ಚುಚ್ಚುತ್ತ ಎಣಿಸಿದೆ. ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬಂತು. ಅವರು ಹೇಳಿದ್ದು ನಿಜ, ಸರಿಯಾಗಿ ಕಾಣುವುದಿಲ್ಲ. ಕೈಗೆ ಅಂಟು ಹತ್ತಿತು.

ಅವರು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ಮರಗಳ ಸುದ್ದಿಯನ್ನು ಎತ್ತಲಿಲ್ಲ, ಅಷ್ಟೇ. ಬಿಡುವಿನಲ್ಲಿ ಹೊರಗೆ ಹೋಗುವುದನ್ನು ಬಿಟ್ಟು ಮೇಜಿನಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಒಂದು ದಿನ ತಮ್ಮಷ್ಟಕ್ಕೆ ಹೇಳಿಕೊಂಡಂತೆ, “ಟೇಪು ಸ್ಟೋರಿಗೆ ವಾಪಸ್ ಕೊಟ್ಟೆ,” ಎಂದರು. ಅದನ್ನು ನಾನು ತೀರ್ಪು ಎಂದು ತಿಳಿದೆ. ಮೂರು ತಿಂಗಳಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಎಲ್ಲರ ಜೊತೆ ನಾನೂ ಸಾಲಿನಲ್ಲಿ ನಿಂತು ಕೈ ಮುಗಿದೆ. ಅವರು ಏನೋ ಹೇಳಲು ಬಗ್ಗಿದರು. ಹಿಂದಿನವರು ಹಾರ ಹಿಡಿದು ನುಗ್ಗಿದರು.

ಮಾರನೆಯ ದಿನದಿಂದ ನಾನು ಒಂದು ಸ್ಟಾಪು ಮುಂದೆ ಇಳಿದು ಹಿಂದಿನ ಗೇಟಿನಿಂದ ಕಾರ್ಖಾನೆಗೆ ಹೋಗತೊಡಗಿದೆ. ಹತ್ತು ನಿಮಿಷ ಸುತ್ತು. ಆ ದಾರಿಯಲ್ಲಿ ಮರಗಳಿರಲಿಲ್ಲ, ಬುಡಗಳೂ ಇರಲಿಲ್ಲ. ದೀಪಾವಳಿ ಎರಡು ಸಲ ಬಂದು ಹೋಯಿತು. ಅದರ ನಂತರದ ಭಾನುವಾರ ಯಾವುದೆಂದು ಎರಡೂ ಸಲ ನನಗೆ ಗೊತ್ತಿತ್ತು. ಎರಡೂ ಸಲ ಕೋಣೆಯಲ್ಲಿ ಬಟ್ಟೆ ಒಗೆದೆ.

ನೋಟಿಸ್ ಬೋರ್ಡಿನ ಚೀಟಿ ನೋಡಿದ ವಾರದ ಭಾನುವಾರ, ಮಧ್ಯಾಹ್ನ, ಹಳೆಯ ಸ್ಟಾಪಿನಲ್ಲಿ ಇಳಿದೆ. ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ರಸ್ತೆಗೆ ಟಾರು ಬಂದಿತ್ತು. ನೆರಳಿಲ್ಲದೆ ನಡೆದು ಕೊನೆಗೆ ಬಂದರೆ ಹಿಪ್ಪೆ ಇದ್ದಲ್ಲೇ ಇತ್ತು. ಅಜ್ಜಿಯೂ ಇದ್ದರು. ನನ್ನನ್ನು ಕಂಡು ಅವರ ಕೈ ಕಡಲೆಕಾಯಿಯ ಸೇರಿನಲ್ಲೇ ನಿಂತಿತು.

“ಈಗ್ ಬಂದ್ಯಾ?” ಎಂದರು.

ಅವರು ತೀರಿಕೊಂಡದ್ದು ಅಜ್ಜಿಗೆ ಗೊತ್ತಿತ್ತು. ಫಿಟ್ಟರುಗಳು ಹೇಳಿದ್ದರಂತೆ. ನಾನು ನಿಂತೇ ಇದ್ದೆ.

“ನಿಂಗೋಸ್ಕರ ಕಾದಿದ್ರು ಕಣವ್ವ. ಎಲ್ಡು ವರ್ಸಾನೂ, ದೀಪಾವ್ಳಿ ಆದ್ ಬಾನ್ವಾರ. ಬೆಳಿಗ್ಗೆ ಬಂದ್ರೆ ಊಟದೊತ್ಗಂಟ ಇಲ್ಲೇ ಕುಂತಿರೋರು. ಬಸ್ ಬಂದಂಗೆಲ್ಲ ಕತ್ತೆತ್ತಿ ನೋಡೋರು. ನಾನೇ ಕೇಳ್ದೆ, ಯಾರ್ ಬರ್ಬೇಕಿತ್ತು ಸಾರು ಅಂತ. ಸೊನ್ನೆ ಇಡ್ಕೊಳ್ಳೋರು ಬರ್ಬೇಕಿತ್ತು ಅಂದ್ರು. ಆಮ್ಯಾಕೆ, ಅಜ್ಜಿ ನೀವೇ ಇಡ್ಕೊಳ್ಳಿ ಅಂದ್ರು. ನಾನೇ ಇಡ್ಕೊಂಡೆ.”

ಅಜ್ಜಿ ಕಡಲೆಕಾಯಿ ಚೀಲದ ಅಡಿಯಿಂದ ಒಂದು ಹುರಿಯ ಉಂಡೆ ತೆಗೆದರು. ಮಾಲು ಕಟ್ಟುವ ಸಾಮಾನ್ಯ ಹುರಿ. ಅದರಲ್ಲಿ ಎರಡು ಗಂಟುಗಳಿದ್ದವು, ಒಂದಕ್ಕೊಂದು ಹತ್ತಿರ.

“ಇದು ಮೊದ್ಲು ವರ್ಸುದ್ದು, ಇದು ಈಚೀಚೆದು. ಆ ಹುಡ್ಗಿ ಬಂದ್ರೆ ಕೊಡಿ ಅಂದವ್ರೆ. ಎಲ್ಡು ಬೆಳ್ಳು ದಪ್ಪ ಆಗೈತೆ ಅಂತ ಯೋಳಿ, ಖುಸಿ ಪಡ್ತಾಳೆ ಅಂದವ್ರೆ.”

ಎರಡು ಗಂಟಿನ ನಡುವೆ ನನ್ನ ಬೆರಳಿಟ್ಟು ನೋಡಿದೆ. ಎರಡು ಬೆರಳು ಸರಿಯಾಗಿ ಕೂರುತ್ತಿದ್ದವು.

ಮರದೆದುರು ಹೋಗಿ ನಿಂತೆ. ಆಗ ಹೊಳೆಯಿತು, ಅಳೆಯಬೇಕಾದ ಜಾಗ ಈಗ ಎಲ್ಲೂ ಇಲ್ಲ. ಇಲ್ಲಿ ಗೆರೆ ಹಾಕಿರಲಿಲ್ಲ. ಆ ಜೇಬು ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ನಾವು ಒಮ್ಮೆಯೂ ಅಳೆದಿರಲಿಲ್ಲ. ಎಲ್ಲವನ್ನೂ ಅಳೆದವರು ಅದೊಂದನ್ನು ಬಿಟ್ಟಿದ್ದೆವು. ತೊಗಟೆಯನ್ನೇ ನೋಡುತ್ತ ನಿಂತೆ. ನೋಡುತ್ತಿದ್ದಂತೆ ತಿಳಿಯಿತು, ಮೂರು ವರ್ಷ ನಾನು ನೋಡಿದ್ದು ಈ ಎತ್ತರವನ್ನೇ. ತಲೆಯೆತ್ತದೆ, ತಗ್ಗಿಸದೆ, ನನ್ನ ಕಣ್ಣು ನೇರವಾಗಿ ಬೀಳುವಲ್ಲಿ ತೊಗಟೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಒಂದು ಬಿರುಕಿತ್ತು.

ಹುರಿಯ ತುದಿಯನ್ನು ಅಲ್ಲಿಗೆ ಒಯ್ಯುವ ಮೊದಲೇ ಪಕ್ಕದಿಂದ ಒಂದು ಮುದಿ ಕೈ ಬಂದು ಅದನ್ನು ನನ್ನಿಂದ ತೆಗೆದುಕೊಂಡಿತು. ಅಜ್ಜಿ ತುದಿಗಾಲಲ್ಲಿ ನಿಂತು, ನನ್ನನ್ನು ಕೇಳದೆ, ಅದನ್ನು ಮರಕ್ಕೆ ಒತ್ತಿ ಹಿಡಿದರು. ಅವರ ಹೆಬ್ಬೆರಳು ಆ ಬಿರುಕಿನ ಮೇಲೆಯೇ ಇತ್ತು.

“ಇಲ್ಲೇ ಇಡ್ಕೊ ಅನ್ನೋರು,” ಎಂದರು. “ಸೊನ್ನೆ ಇಡ್ಕೊಂಡಿವ್ನಿ. ನೀ ಸುತ್ತಾಕ್ಕೊಂಡ್ ಬಾ.”

ನಾನು ಹುರಿ ಬಿಚ್ಚುತ್ತ ನಡೆದೆ. ಹಿಪ್ಪೆಯ ಹಿಂಬದಿಗೆ ಬಂದಾಗ ರಸ್ತೆ ಮರೆಯಾಯಿತು, ಅಜ್ಜಿ ಮರೆಯಾದರು. ಅಲ್ಲಿ ನಿಂತೆ. ತೊಗಟೆ ತಣ್ಣಗಿತ್ತು.

“ಬಣ್ಣ ಹಚ್ಚೋಣ ಅಂದಿದ್ದು ನಾನು ಸಾರ್,” ಎಂದೆ. “ತಪ್ಪು ನನ್ನದು.”

ಆಚೆ ಬದಿಯಿಂದ ಅಜ್ಜಿ ಕೂಗಿದರು: “ಯಾರ್ ಕೂಟ್ ಮಾತಾಡ್ತಿದ್ದೀಯೆ?”

“ಯಾರೂ ಇಲ್ಲ ಅಜ್ಜಿ. ಬಿಗಿಯಾಗಿ ಹಿಡ್ಕೊಳ್ಳಿ, ಬರ್ತಾ ಇದ್ದೀನಿ.”